ಕಂತುಗಳಲ್ಲಿ ಬಂದ ಕ್ಯಾಬಿನೆಟ್

ಕಂಪ್ಯೂಟರ್‌ನ ಕ್ಯಾಬಿನೆಟ್, ಅಂದರೆ ಹೊರಗಿನ ಡಬ್ಬ, ಬದಲಾಯಿಸುವ ಕೆಲಸ ವಿಡಿಯೋಗಳಲ್ಲಿ ಎಷ್ಟು ಸಲೀಸು ಅಂತೀರಿ! ಒಬ್ಬ ಹುಡುಗ ಬರುತ್ತಾನೆ, ಹಳೆ ಕ್ಯಾಬಿನೆಟ್‌ನ ಮುಚ್ಚಳ ತೆಗೆಯುತ್ತಾನೆ, ಹಿಂದಿನಿಂದ ಸಂಗೀತ ಶುರುವಾಗುತ್ತದೆ. ಸಂಗೀತ ನಿಲ್ಲುವಷ್ಟರಲ್ಲಿ ಮದರ್‌ಬೋರ್ಡ್ ಅನ್ನುವ ಮುಖ್ಯ ಸರ್ಕ್ಯೂಟ್ ಬೋರ್ಡ್ ಹೊಸ ಕ್ಯಾಬಿನೆಟ್‌ನಲ್ಲಿ ಕೂತು, ಸುತ್ತ ಬಣ್ಣಬಣ್ಣದ ದೀಪ ಉರಿಯುತ್ತಿರುತ್ತದೆ. ಆದರೆ ಆ ಹುಡುಗನ ಕಂಪ್ಯೂಟರ್ ಬಿಡಿಭಾಗ ತಂದು ಜೋಡಿಸಿದ್ದು. ನಮ್ಮದು ಕಂಪನಿಯಿಂದಲೇ ಸಿದ್ಧವಾಗಿ ಬಂದದ್ದು. ಎರಡಕ್ಕೂ ಏನು ವ್ಯತ್ಯಾಸ ಅನ್ನುವುದನ್ನು ಯಾವ ಸಂಗೀತವೂ ಹೇಳುವುದಿಲ್ಲ.

ಮಗಳಿಗೆ ಗ್ರಾಫಿಕ್ಸ್ ಕಾರ್ಡ್ ಬೇಕಿತ್ತು. ಕಾರ್ಡ್ ಹಳೆ ಕ್ಯಾಬಿನೆಟ್‌ಗಿಂತ ಉದ್ದ. "ಅಪ್ಪಾ, ಬೋರ್ಡ್ ಇದೇ ಇರಲಿ. ಡಬ್ಬ ಮಾತ್ರ ಬದಲಾಯಿಸೋಣ" ಎಂದಳು.

ಡಬ್ಬ ಮಾತ್ರ. ಕೇಳೋಕೆ ಎಷ್ಟು ಸಣ್ಣ ಮಾತು, ಅಲ್ವಾ?

ನಂಬೋಕೆ ಕಾರಣವೂ ಇತ್ತು. ಇಂಟೆಲ್ 1995ರಲ್ಲಿ ಎಟಿಎಕ್ಸ್ ಅನ್ನುವ ಅಳತೆ ತಂದ ಮೇಲೆ ಅಳತೆ ಹೊಂದಿದರೆ ಯಾವ ಕಂಪನಿಯ ಬೋರ್ಡನ್ನು ಯಾವ ಕಂಪನಿಯ ಕ್ಯಾಬಿನೆಟ್‌ಗೆ ಬೇಕಾದರೂ ಹಾಕಬಹುದು ಅನ್ನುವ ಕಾಲ ಬಂತು. ದೊಡ್ಡದು 305 × 244 ಮಿ.ಮೀ., ಚಿಕ್ಕದಾದ ಮೈಕ್ರೋ ಎಟಿಎಕ್ಸ್ 244 × 244. ಸ್ಕ್ರೂ ರಂಧ್ರ ಎಲ್ಲೆಲ್ಲಿರಬೇಕು ಅನ್ನುವುದೂ ನಿಗದಿಯಾಗಿದೆ. ಟೇಪ್ ಹಿಡಿದು ನೋಡಿದೆವು. ನಮ್ಮ ಬೋರ್ಡ್ ಸರಿಯಾಗಿ 244 ಚೌಕ. ರಂಧ್ರಗಳೂ ಇರಬೇಕಾದ ಕಡೆಯೇ ಇದ್ದವು. ಕಂಪನಿಯವರು ಅಷ್ಟರ ಮಟ್ಟಿಗೆ ನಿಯಮ ಪಾಲಿಸಿದ್ದರು. ಮುಂದೆ ಮಾಡಿದ್ದೆಲ್ಲ ಅವರ ಸ್ವಂತ ಕಲ್ಪನೆ.

ಸುತ್ತಲಿನ ಸ್ಕ್ರೂ ಎಲ್ಲ ಬಿಚ್ಚಿ ಬೋರ್ಡ್ ಎತ್ತಿದೆ. ಬರಲಿಲ್ಲ. ಬಗ್ಗಿ ನೋಡಿದರೆ, ಪ್ರೊಸೆಸರ್ ಮೇಲಿನ ಕೂಲರ್‌ನ ನಾಲ್ಕು ಉದ್ದ ಸ್ಕ್ರೂಗಳು ಬೋರ್ಡನ್ನು ತೂರಿಕೊಂಡು ಹೋಗಿ ಕ್ಯಾಬಿನೆಟ್‌ನ ತಗಡನ್ನೇ ಹಿಡಿದಿದ್ದವು. ಬೇರೆ ಕಂಪ್ಯೂಟರ್‌ಗಳಲ್ಲಿ ಬೋರ್ಡ್‌ನ ಬೆನ್ನಿಗೆ ಬ್ಯಾಕ್‌ಪ್ಲೇಟ್ ಅಂತ ಒಂದು ಪಟ್ಟಿ ಇರುತ್ತದೆ, ಕೂಲರ್ ಅದಕ್ಕೆ ಕೂರುತ್ತದೆ. ಇಲ್ಲಿ ಪಟ್ಟಿಯ ಖರ್ಚು ಉಳಿಸಿ ಕ್ಯಾಬಿನೆಟ್‌ನ ಮೈಯನ್ನೇ ಪಟ್ಟಿ ಮಾಡಿದ್ದಾರೆ. ಬಾಡಿಗೆ ಮನೆ ಖಾಲಿ ಮಾಡುವಾಗ ಬೀರು ಎತ್ತಿದರೆ ಗೋಡೆಯೂ ಜೊತೆಗೆ ಬಂದ ಹಾಗಾಯಿತು.

ಸರಿ, ಕೂಲರ್ ತೆಗೆಯಲೇಬೇಕು. ತೆಗೆದರೆ ಕೆಳಗಿನ ಥರ್ಮಲ್ ಪೇಸ್ಟ್, ಅಂದರೆ ಪ್ರೊಸೆಸರ್‌ನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಲೇಪ, ಒಣಗಿ ಸುಣ್ಣದ ಪುಡಿಯಾಗಿತ್ತು. ಅದನ್ನು ಒರೆಸಿ, ಹೊಸ ಪೇಸ್ಟ್ ಹಚ್ಚಿ, ಬೇರೆ ಬ್ಯಾಕ್‌ಪ್ಲೇಟ್ ತರಿಸಬೇಕಾಯಿತು. ಪ್ರೊಸೆಸರ್ ಕೂರುವ ಜಾಗಕ್ಕೆ ಸಾಕೆಟ್ ಅನ್ನುತ್ತಾರೆ. ನಮ್ಮ ಇಂಟೆಲ್ ಸಾಕೆಟ್‌ನ ಕೂಲರ್ ರಂಧ್ರಗಳ ನಡುವೆ 75 ಮಿ.ಮೀ. ಇರುತ್ತದೆ. ಅದಕ್ಕಿಂತ ಹೊಸ ತಲೆಮಾರಿನದಕ್ಕೆ 78. ಮೂರು ಮಿಲಿಮೀಟರ್‌ಗೆ ಯಾರು ಜಗಳ ಆಡುತ್ತಾರೆ ಅಂದುಕೊಳ್ಳಬೇಡಿ. ಸ್ಕ್ರೂ ಆಡುತ್ತದೆ.

"ರೀ, ಇವತ್ತು ಆ ಫಾರ್ಮ್ ಕಳಿಸಬೇಕಿತ್ತು" ಎಂದು ಒಳಗಿನಿಂದ ದನಿ ಬಂತು. ಮೇಜಿನ ಮೇಲೆ ಕಂಪ್ಯೂಟರ್ ಅನ್ನಬಹುದಾದ ವಸ್ತು ಏನೂ ಉಳಿದಿರಲಿಲ್ಲ. ಅಪ್ಪ ಮಗಳು ಇಬ್ಬರೂ ಕೇಳಿಸದವರ ಹಾಗೆ ಸ್ಕ್ರೂ ಎಣಿಸುತ್ತಾ ಕೂತೆವು. ಕ್ಯಾಬಿನೆಟ್ ಸ್ಕ್ರೂಗಳಲ್ಲೂ ಎರಡು ಜಾತಿ, ದಪ್ಪ ಎಳೆಯದು ಮತ್ತು ಸಣ್ಣ ಎಳೆಯದು. ದೂರದಿಂದ ಅವಳಿ ಜವಳಿ. ಅರ್ಧ ತಿರುಗಿಸಿದ ಮೇಲೇ ಬೇರೆ ಜಾತಿ ಅಂತ ಗೊತ್ತಾಗುವುದು.

ಮುಂದಿನದು ಕರೆಂಟು. ಲೋಕದ ಬೋರ್ಡ್‌ಗಳಿಗೆಲ್ಲ ಎಸ್‌ಎಂಪಿಎಸ್ ಅನ್ನುವ ಕರೆಂಟಿನ ಡಬ್ಬದಿಂದ 24 ಪಿನ್‌ನ ಅಗಲವಾದ ಕನೆಕ್ಟರ್ ಬರುತ್ತದೆ. ನಮ್ಮ ಬೋರ್ಡ್‌ನಲ್ಲಿ ಆ ಜಾಗದಲ್ಲಿ 6 ಪಿನ್. ಹಳೆ ಎಸ್‌ಎಂಪಿಎಸ್ ಬರೀ 12 ವೋಲ್ಟ್ ಕೊಡುತ್ತದೆ. 5 ಮತ್ತು 3.3 ವೋಲ್ಟನ್ನು ಬೋರ್ಡೇ ಮಾಡಿಕೊಂಡು, ಹಾರ್ಡ್ ಡಿಸ್ಕ್‌ಗೂ ತಾನೇ ಬಡಿಸುತ್ತದೆ. ನಿಜ ಹೇಳಬೇಕೆಂದರೆ ಇದು ಜಾಣ ಏರ್ಪಾಡೇ. ಆದರೆ ಹಳೆ ಎಸ್‌ಎಂಪಿಎಸ್‌ನ ಆಕಾರ ಹೊಸ ಕ್ಯಾಬಿನೆಟ್‌ಗೆ ಹಿಡಿಸುವುದಿಲ್ಲ, ಹೊಸ ಎಸ್‌ಎಂಪಿಎಸ್‌ನ ಕನೆಕ್ಟರ್ ಬೋರ್ಡ್‌ಗೆ ಹಿಡಿಸುವುದಿಲ್ಲ. ನಡುವೆ ರಾಜಿ ಮಾಡಿಸೋಕೆ ಅಡಾಪ್ಟರ್ ಕೇಬಲ್ ಅಂತ ಒಂದು ಸಿಗುತ್ತದೆ. ಕಂಪನಿಗೊಂದು, ಮಾಡೆಲ್‌ಗೊಂದು. ಅದು ಬರುವ ತನಕ ಹೊಸ ಕ್ಯಾಬಿನೆಟ್‌ನ ಗಾಜಿನ ಬಾಗಿಲಿನ ಹಿಂದೆ ಬೋರ್ಡ್ ಸುಮ್ನೆ ಪ್ರದರ್ಶನಕ್ಕೆ ಇತ್ತು. ಫಾರ್ಮ್ ಯಾರದೋ ಮೊಬೈಲ್‌ನಿಂದ ಹೋಯಿತು.

ಅಡಾಪ್ಟರ್ ಬಂತು. ಇನ್ನು ಬಟನ್ ಒತ್ತುವುದೊಂದೇ ಬಾಕಿ. ಆದರೆ ಒತ್ತೋಕೆ ಬಟನ್ ಬೋರ್ಡ್‌ಗೆ ಸೇರಬೇಕಲ್ಲ! ಸಾಮಾನ್ಯ ಬೋರ್ಡ್‌ನಲ್ಲಿ ಇದಕ್ಕೆ 9 ಪಿನ್‌ಗಳ ಒಂದು ಗುಂಪು ಇರುತ್ತದೆ. 6 ಮತ್ತು 8ನೇ ಪಿನ್ ಪವರ್ ಬಟನ್‌ಗೆ. ಅದರ ವೈರ್ ತಿರುಗಾ ಮುರುಗಾ ಹಾಕಿದರೂ ನಡೆಯುತ್ತದೆ. ಎಲ್‌ಇಡಿಗೆ ಮಾತ್ರ ಪ್ಲಸ್ ಮೈನಸ್ ನೋಡಬೇಕು. ನಮ್ಮ ಬೋರ್ಡ್‌ನಲ್ಲಿ ಪಿನ್‌ಗಳ ದಂಡೇ ಇತ್ತು. ಒಂದರ ಪಕ್ಕದಲ್ಲೂ ಹೆಸರಿಲ್ಲ. ಹಳೆ ಕ್ಯಾಬಿನೆಟ್‌ನ ಮುಂಭಾಗದಲ್ಲಿ ಬಟನ್, ಯುಎಸ್‌ಬಿ, ಹೆಡ್‌ಫೋನ್ ಎಲ್ಲವನ್ನೂ ಒಂದೇ ಸಣ್ಣ ಸರ್ಕ್ಯೂಟ್ ಬೋರ್ಡ್‌ಗೆ ಬೆಸೆದು, ಒಂದೇ ಪಟ್ಟಿ ಕೇಬಲ್‌ನಲ್ಲಿ ತಂದಿದ್ದರು.

ಎರಡು ತುದಿಗಳ ನಡುವೆ ಸಂಪರ್ಕ ಇದ್ದರೆ ಕೂಗುವ ಮಲ್ಟಿಮೀಟರ್ ಈಚೆ ಬಂತು. ಮಗಳು ಹಳೆ ಬಟನ್ ಒತ್ತಿ ಹಿಡಿಯುವುದು, ನಾನು ಕೇಬಲ್ ತುದಿಯ ಒಂದೊಂದೇ ಜೋಡಿಗೆ ಕಡ್ಡಿ ಮುಟ್ಟಿಸುವುದು. ಅವಳು ಬಟನ್ ಬಿಟ್ಟಾಗಲೂ ಮೀಟರ್ ಕೆಲವು ಕಡೆ ಕುಯ್ಯೋ ಅನ್ನುತ್ತಿತ್ತು, ಯಾಕೆಂದರೆ ಅವೆಲ್ಲ ಗ್ರೌಂಡ್, ಒಳಗೇ ಒಂದಕ್ಕೊಂದು ಸೇರಿದ ತಂತಿಗಳು. ಒತ್ತಿದಾಗ ಮಾತ್ರ ಕೂಗುವ ಜೋಡಿ ಕೊನೆಗೂ ಸಿಕ್ಕಿತು. ಹೊಸ ಬಟನ್‌ನ ವೈರನ್ನು ಆ ಎರಡು ಪಿನ್‌ಗೆ ಸಿಕ್ಕಿಸಿ ಒತ್ತಿದರೆ ಫ್ಯಾನ್ ತಿರುಗಿತು, ಪರದೆ ಬೆಳಗಿತು, ಮಗಳು ಕುಣಿದಳು.

ಪರದೆ ಮೇಲೆ ಇದ್ದದ್ದು ಇಷ್ಟು: ಫ್ರಂಟ್ ಪ್ಯಾನೆಲ್ ಕೇಬಲ್ ಕಾಣಿಸುತ್ತಿಲ್ಲ, ಮುಂದುವರಿಯಲು ಎಫ್1 ಒತ್ತಿ.

ಒತ್ತಿದೆ. ಹಿಂದಿನ ಫ್ಯಾನ್ ಕಾಣಿಸುತ್ತಿಲ್ಲ, ಎಫ್1 ಒತ್ತಿ.

ಫ್ಯಾನ್ ನಮ್ಮ ಕಣ್ಣೆದುರಿಗೇ ಗರಗರ ತಿರುಗುತ್ತಿತ್ತು. ಆದರೆ ಅದು 4 ಪಿನ್‌ನ ಸಾದಾ ಫ್ಯಾನ್. ಹಳೆಯದಕ್ಕೆ 5ನೇ ಪಿನ್ ಒಂದಿತ್ತು. ಗಾಳಿಗೂ ಅದಕ್ಕೂ ಸಂಬಂಧ ಇಲ್ಲ, 'ನಾನು ನಿಮ್ಮವನೇ' ಎಂದು ಬೋರ್ಡ್‌ಗೆ ಗುರುತು ಹೇಳೋಕೆ ಅಷ್ಟೇ. ಗುರುತು ಹೇಳದ ಫ್ಯಾನ್ ಎಷ್ಟು ಬೀಸಿದರೂ ಲೆಕ್ಕಕ್ಕಿಲ್ಲ.

ತಮಾಷೆ ಏನೆಂದರೆ, ಸಕ್ರಿಯಗೊಳಿಸಿ ಅಂತ ಗಲಾಟೆ ಮಾಡಬಹುದು ಎಂದು ನಾವು ಹೆದರಿದ್ದ ವಿಂಡೋಸ್‌ಗೆ ಏನೂ ಗೊತ್ತೇ ಆಗಲಿಲ್ಲ. ಅದರ ಲೈಸೆನ್ಸ್ ಇರುವುದು ಬೋರ್ಡ್‌ನ ಮೇಲೆ. ಬೋರ್ಡ್ ಅದೇ, ಡಿಸ್ಕ್ ಅದೇ. ನಿನ್ನೆ ಮಲಗಿ ಇವತ್ತು ಎದ್ದಂತೆ ಎದ್ದಿತು. ಕೊರಗೆಲ್ಲ ವಿಂಡೋಸ್‌ಗಿಂತ ಮೊದಲು ಏಳುವ, ಬೋರ್ಡ್‌ನೊಳಗಿನ ಬಯಾಸ್ ಅನ್ನುವ ಪ್ರೋಗ್ರಾಂನದು.

ದಿನಾ ಎಫ್1 ಒತ್ತುವುದು ಬೇಡ ಎಂದು ಹಳೆ ಮುಂಭಾಗದ ಸರ್ಕ್ಯೂಟ್ ಬೋರ್ಡನ್ನು ಬಿಚ್ಚಿ, ಅದರ ಕೇಬಲ್ ಮತ್ತೆ ಸಿಕ್ಕಿಸಿ, ಹೊಸ ಕ್ಯಾಬಿನೆಟ್‌ನ ಹಿಂಬದಿಯಲ್ಲಿ ಟೇಪ್ ಹಚ್ಚಿ ಅಡಗಿಸಿದೆವು. ಬಟನ್ ಅದರದ್ದೇ ಆಗಿಬಿಟ್ಟರೆ ಹೊರಗಿನಿಂದ ಒತ್ತೋಕಾಗಲ್ಲವಲ್ಲ, ಹಾಗಾಗಿ ಆ ಎರಡು ತಂತಿಗೆ ಹೊಸ ಬಟನ್‌ನ ವೈರನ್ನೂ ಬೆಸೆದೆ. ಹಳೆ ಫ್ಯಾನೂ ವಾಪಸ್ ಬಂತು. ಪೋರ್ಟ್‌ಗಳ ಸುತ್ತ ಇರಬೇಕಾದ ಐಓ ಶೀಲ್ಡ್ ಬಿಡಿಯಾಗಿರಲಿಲ್ಲ, ಹಳೆ ಕ್ಯಾಬಿನೆಟ್‌ನ ಬೆನ್ನಿನಲ್ಲೇ ಅಚ್ಚೊತ್ತಿತ್ತು. ಕತ್ತರಿ ಹಿಡಿದು ಅಷ್ಟು ತಗಡನ್ನೂ ಕತ್ತರಿಸಿ ತಂದು ಕೂರಿಸಿದೆ. ಹೀಗೆ ಬಿಸಾಕೋಕೆ ಅಂತ ತೆಗೆದಿಟ್ಟ ಕ್ಯಾಬಿನೆಟ್ ಕಂತು ಕಂತಾಗಿ ಹೊಸ ಕ್ಯಾಬಿನೆಟ್‌ನೊಳಗೆ ಬಂದು ಸೇರಿತು.

ಗ್ರಾಫಿಕ್ಸ್ ಕಾರ್ಡ್ ಹಾಕಿ, ಗಾಜಿನ ಬಾಗಿಲು ಮುಚ್ಚಿ, ಬಟನ್ ಒತ್ತಿದೆವು. ಕೇಬಲ್ ದೂರು ಇಲ್ಲ. ಫ್ಯಾನ್ ದೂರು ಇಲ್ಲ. ಒಂದೇ ಒಂದು ಸಾಲು ಬಂತು: ಎಚ್ಚರಿಕೆ, ಮುಚ್ಚಳ ತೆರೆಯಲಾಗಿದೆ.

ಮುಚ್ಚಳ ತೆರೆದರೆ ಪತ್ತೆ ಹಚ್ಚುವ ಸಣ್ಣ ಸ್ವಿಚ್ ಕೂಡ ಹಳೆ ಕ್ಯಾಬಿನೆಟ್‌ನಲ್ಲಿತ್ತಂತೆ. ಮಗಳು ಪರದೆಯನ್ನೇ ನೋಡುತ್ತಾ, "ಅಪ್ಪಾ, ಇದಕ್ಕೆ ಮುಚ್ಚಳದ್ದು ಮಾತ್ರ ಗೊತ್ತಾಗಿದೆ, ಉಳಿದಿದ್ದು ಹೇಳಬೇಡ" ಎಂದಳು. ಬಯಾಸ್‌ಗೆ ಹೋಗಿ ಆ ಎಚ್ಚರಿಕೆಯನ್ನು ಆಫ್ ಮಾಡಿದೆವು.