ಹೆತ್ತವಳು ಯಾವ ಸಾಲಿನಲ್ಲಿ ನಿಲ್ಲಬೇಕು, ಯಾರಾದರೂ ಹೇಳಿ

"ಇವತ್ತು ಬಸುರಿಯರಿಗೆ ಮಾತ್ರ." ಇಷ್ಟು ಹೇಳಿ ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿ ಬರೆಯುವವರು ನನ್ನ 'ತಾಯಿ ಕಾರ್ಡ'ನ್ನು ಗಾಜಿನ ಕಿಂಡಿಯಿಂದ ವಾಪಸ್ ದೂಡಿದರು. ಕೈಗೆ ಕೊಡಲಿಲ್ಲ, ದೂಡಿದರು. ಮನೆಗೆ ಬಂದು ಮಗುವಿಗೆ ಹಾಲು ಕುಡಿಸಿ ಮಲಗಿಸಿದ್ದೇನೆ. ಒಂದೇ ಮಗ್ಗುಲಲ್ಲಿ ಮಲಗಿಕೊಂಡು ಇದನ್ನು ಬರೆಯುತ್ತಿದ್ದೇನೆ, ಕೂತು ಬರೆಯುವ ಸ್ಥಿತಿಯಲ್ಲಿ ಇಲ್ಲ.

ಒಂಬತ್ತನೇ ತಾರೀಕು ಅಂತ ನೋಡಿಕೊಂಡೇ ಹೋಗಿದ್ದೆ. ಮಗು ಹೊಟ್ಟೆಯಲ್ಲಿ ಇದ್ದಾಗ ಅದೇ ದಿನ ಕರೆಯುತ್ತಿದ್ದರು. 2016ರಿಂದ ದೇಶದ ಎಲ್ಲ ಕಡೆ ತಿಂಗಳ ಒಂಬತ್ತನೇ ತಾರೀಕು ಗರ್ಭಿಣಿಯರಿಗೆ ಉಚಿತ ತಪಾಸಣೆ, ಗೊತ್ತಲ್ವಾ? ಆಶಾ ಅಕ್ಕ ಹಿಂದಿನ ದಿನವೇ ಫೋನ್ ಮಾಡಿ ನೆನಪಿಸುತ್ತಿದ್ದರು. ಬಿಪಿ, ರಕ್ತ, ತೂಕ ಎಲ್ಲ ನೋಡುತ್ತಿದ್ದರು. ನಿಂತುಕೊಂಡಿದ್ದರೆ ಯಾರಾದರೂ ಎದ್ದು ಜಾಗ ಕೊಡುತ್ತಿದ್ದರು. ಆ ದಿನ ಲೇಡಿ ಡಾಕ್ಟರ್ ತಪ್ಪದೆ ಇರುತ್ತಾರೆ ಅಂತಲೇ ಹೋದದ್ದು. ಇದ್ದರು ಕೂಡ. ಬಾಗಿಲ ಸಂದಿಯಲ್ಲಿ ಕಂಡರು. ಒಳಗೆ ಹೋಗಲು ಮಾತ್ರ ಬಿಡಲಿಲ್ಲ.

ಅದಕ್ಕಿಂತ ಮೊದಲು ಆದದ್ದನ್ನು ಹೇಳುತ್ತೇನೆ. ಅದು ನನ್ನ ತಲೆಯಿಂದ ಹೋಗುತ್ತಲೇ ಇಲ್ಲ.

ಆ ಕಿಂಡಿ ಇದೆಯಲ್ಲ, ಅದು ಹೊಟ್ಟೆಯ ಮಟ್ಟಕ್ಕೆ ಇದೆ. ಮಾತಾಡಬೇಕಾದರೆ ಬಗ್ಗಬೇಕು. ಬಗ್ಗಿದರೆ ಹೊಲಿಗೆ ಜಗ್ಗುತ್ತದೆ. ಸೊಂಟಕ್ಕೆ ಕೈ ಕೊಟ್ಟು, ಗಾಜಿಗೆ ಹಣೆ ತಾಗುವ ಹಾಗೆ ಬಗ್ಗಿ, ಲೇಡಿ ಡಾಕ್ಟರಿಗೆ ಚೀಟಿ ಬೇಕು ಅಂದೆ. "ಎಷ್ಟನೇ ತಿಂಗಳು?" ಅಂತ ಕೇಳಿದರು. ಹೆರಿಗೆ ಆಗಿದೆ ಅಂದೆ. "ಮಗುವಿಗೆ ಚುಚ್ಚಿಸೋದಾ? ಅದು ಗುರುವಾರ." ಅಲ್ಲ, ನನಗೆ ಅಂದೆ. "ಕಾಪರ್ ಟೀನಾ?" ಅಲ್ಲ ಅಂದೆ. "ಮತ್ತೆ ಎಂತ?" ಡಾಕ್ಟರ್ ಹತ್ತಿರ ಹೇಳುತ್ತೇನೆ ಅಂದೆ. "ಇಲ್ಲಿ ಬರೀಬೇಕಲ್ಲ ಅಮ್ಮಾ, ಎಂತ ತೊಂದ್ರೆ ಅಂತ ಹೇಳಿ." ಮೆಲ್ಲಗೆ ಹೇಳಿದೆ. "ಕೇಳ್ತಾ ಇಲ್ಲ, ಜೋರು ಹೇಳಿ." ಮತ್ತೆ ಹೇಳಿದೆ, ಹೊಲಿಗೆ ಹಾಕಿದ ಜಾಗ ಇನ್ನೂ ನೋವು, ಮೂತ್ರ ಹಿಡಿದುಕೊಳ್ಳಲು ಆಗುತ್ತಿಲ್ಲ ಅಂತ. ಅವರು ಆ ಕಡೆ ತಿರುಗಿ, ಅಲ್ಲಿದ್ದವರಿಗೆಲ್ಲ ಕೇಳುವ ಹಾಗೆ, ಇನ್ನೊಬ್ಬರನ್ನು ಕೇಳಿದರು: "ಇವರಿಗೆ ಉಚ್ಚೆ ನಿಲ್ಲೋದಿಲ್ವಂತೆ, ಯಾರ ಹತ್ರ ಕಳಿಸೋದು?"

ನನ್ನ ಹಿಂದೆ ಇಡೀ ಸಾಲು ಇತ್ತು. ಅದರಲ್ಲಿ ನಮ್ಮ ಮನೆಗೆ ಹಾಲು ತರುವವರು ಇದ್ದರು. ನಾನು ಕನ್ನಡ ಶಾಲೆಗೆ ಹೋಗುವಾಗಿನಿಂದ ನೋಡಿದವರು. ಪಾಪ, ಅವರು ಫೋನ್ ತೆಗೆದು ನೋಡತೊಡಗಿದರು. ಫೋನಿನ ಸ್ಕ್ರೀನ್ ಕಪ್ಪಗಿತ್ತು, ಆನ್ ಕೂಡ ಮಾಡಿರಲಿಲ್ಲ. ನನಗೆ ಅಷ್ಟೇ ಕಾಣುತ್ತಿತ್ತು, ಆ ಕಪ್ಪು ಸ್ಕ್ರೀನು ಮತ್ತು ಅದನ್ನು ಹಿಡಿದ ಅವರ ಹೆಬ್ಬೆರಳು. ನಾಳೆ ಬೆಳಿಗ್ಗೆ ಅವರು ಬಾಗಿಲಿಗೆ ಬಂದಾಗ ನಾನು ಹಾಲಿನ ಪಾತ್ರೆ ಹಿಡಿದು ಹೇಗೆ ಹೊರಗೆ ಹೋಗಲಿ?

ಹಿಂದಿದ್ದ ಒಬ್ಬರು ಅಜ್ಜಿ ಬೆನ್ನು ಸವರಿ, "ಎಲ್ಲರಿಗೂ ಆಗ್ತದೆ ತಂಗಿ, ಸುಮ್ನಿರು, ತನ್ನಷ್ಟಕ್ಕೆ ಹೋಗ್ತದೆ" ಅಂದರು. ಒಳ್ಳೆಯ ಮನಸ್ಸಿನಿಂದ ಹೇಳಿದ್ದು, ಗೊತ್ತು. ಆದರೆ ಆ ಮಾತು ಕೇಳಿ ಅಳು ಬಂದುಬಿಟ್ಟಿತು. ಎಲ್ಲರಿಗೂ ಆಗುವುದಾದರೆ ಎಲ್ಲರಿಗೂ ಒಂದು ದಿನ ಇಡಬೇಕಿತ್ತಲ್ವಾ?

ಆಮೇಲೆ ಬಂದದ್ದೇ ಆ ಮಾತು, ಇವತ್ತು ಬಸುರಿಯರಿಗೆ ಮಾತ್ರ. ಅಷ್ಟೆಲ್ಲ ಬಾಯಿ ಬಿಡಿಸಿದ ಮೇಲೆ! ಮೊದಲೇ ಹೇಳಬಹುದಿತ್ತಲ್ಲ. ಮುಂದಿನ ವಾರ ಬನ್ನಿ ಅಂದರು. ಯಾವ ದಿನ ಅಂತ ಕೇಳಿದರೆ, "ಡಾಕ್ಟರ್ ಒಬ್ಬರೇ ಇರೋದು, ಸಿಸೇರಿಯನ್ ಬಂದರೆ ಓಪಿಡಿ ಇಲ್ಲ, ಬಂದು ನೋಡಿ" ಅಂದರು. ಬಂದು ನೋಡಿ ಅಂತೆ. ಎದೆಹಾಲು ಕುಡಿಯುವ ಮಗುವನ್ನು ಆಯಿಯ, ಅಂದರೆ ನನ್ನ ಅಮ್ಮನ, ಹತ್ತಿರ ಬಿಟ್ಟು, ಬಸ್ಸಿನಲ್ಲಿ ಒಂದೇ ಕುಂಡೆಯ ಮೇಲೆ ಭಾರ ಹಾಕಿ ಕೂತು, ಹೈವೇಯ ಪ್ರತಿ ಗುಂಡಿಗೂ ಹಲ್ಲು ಕಚ್ಚಿಕೊಂಡು ಬಂದು ನೋಡಬೇಕು.

ಪ್ರೈವೇಟಿಗೆ ಹೋಗಬಾರದಾ ಅಂತ ಕೇಳುವವರಿಗೆ ಈಗಲೇ ಹೇಳುತ್ತೇನೆ, ಅದನ್ನೂ ನೋಡಿ ಆಯಿತು. ಡಾಕ್ಟರ್ ವಾರಕ್ಕೊಮ್ಮೆ ಹೊರಗಿನಿಂದ ಬರುತ್ತಾರೆ. ನಂಬರ್ ಹಚ್ಚಲು ಬೆಳಿಗ್ಗೆ ಬೇಗ ಫೋನ್ ಮಾಡಬೇಕು. ಮಾಡಿದರೆ ಎಂಗೇಜ್. ಕೊನೆಗೆ ಹತ್ತಿದರೆ ನಂಬರ್ ಮುಗಿದಿದೆ. "ಬಸುರಿಯಾ? ಅರ್ಜೆಂಟಾ?" ಅಂತ ಅಲ್ಲಿಯೂ ಅದೇ ಪ್ರಶ್ನೆ. ಬಾಣಂತಿ ಅಂದ ಕೂಡಲೇ ಆ ಕಡೆಯ ದನಿ ಸಡಿಲವಾಗುತ್ತದೆ. ಮಗು ಹುಷಾರಿದೆ ಅಲ್ವಾ, ಹಾಗಾದರೆ ಮುಂದಿನ ತಿಂಗಳು ನೋಡೋಣ.

ಮಣಿಪಾಲಕ್ಕೆ ಹೋಗಿ, ಹುಬ್ಬಳ್ಳಿಗೆ ಹೋಗಿ, ಗೋವಾಕ್ಕೆ ಹೋಗಿ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಈ ಮೂರು ಊರು ಬಾಯಿಪಾಠ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದುಕೊಂಡು ಹೋಗುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಪಲ್ಟಿಯಾಗಿ ನಾಲ್ಕು ಜನ ತೀರಿಕೊಂಡಾಗ ನಾವೆಲ್ಲ ಸ್ಟೇಟಸ್ ಹಾಕಿದೆವು, ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ. ನಾನೂ ಹಾಕಿದ್ದೆ. ಅದು ಈಗಲೂ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನನಗೆ ಇವತ್ತು ಬೇಕಿದ್ದದ್ದು ಸೂಪರ್ ಸ್ಪೆಷಾಲಿಟಿ ಅಲ್ಲ. ಪರದೆ ಎಳೆದ ಒಂದು ಮಂಚ, ಒಬ್ಬ ಡಾಕ್ಟರ್, ಹತ್ತು ನಿಮಿಷ. ಹೊಲಿಗೆ ಸರಿಯಾಗಿ ಕೂಡಿದೆಯೋ ಇಲ್ಲವೋ, ಕೀವು ಆಗಿದೆಯೋ, ಇದು ವ್ಯಾಯಾಮದಿಂದ ಹೋಗುವುದೋ ಅಥವಾ ಬೇರೆ ಏನಾದರೂ ಮಾಡಬೇಕೋ ಅಂತ ನೋಡಿ ಹೇಳುವಷ್ಟು. ಇದಕ್ಕೂ ನೂರು ಕಿಲೋಮೀಟರಿಗಿಂತ ಜಾಸ್ತಿ ದೂರ ಹೋಗಬೇಕಾ?

ಡಾಕ್ಟರ್ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬರೇ ಎಷ್ಟು ಜನರನ್ನು ನೋಡುತ್ತಾರೆ, ರಾತ್ರಿ ಹೆರಿಗೆ ಮಾಡಿಸಿ ಬೆಳಿಗ್ಗೆ ಓಪಿಡಿಗೆ ಬರುವವರು. ನನ್ನ ಹೆರಿಗೆಯನ್ನೂ ಅವರೇ ಮಾಡಿಸಿದ್ದು, ಕೈ ಹಿಡಿದು ಧೈರ್ಯ ಹೇಳಿದ್ದರು. ಇಲ್ಲ, ಸಿಟ್ಟಿದೆ. ಬಾಗಿಲ ಸಂದಿಯಲ್ಲಿ ನನ್ನನ್ನು ನೋಡಿದರು. ಗುರುತು ಸಿಕ್ಕಿತು, ನನಗೆ ಗೊತ್ತು. ಒಂದು ಮಾತು, "ಅವಳನ್ನು ಒಳಗೆ ಬಿಡಿ" ಅಂದಿದ್ದರೆ ಆಗುತ್ತಿತ್ತು. ಆದರೆ ಹಾಗೆ ನನ್ನನ್ನು ಬಿಟ್ಟಿದ್ದರೆ, ಅಲ್ಲಿ ತುಂಬಿದ ಹೊಟ್ಟೆ ಹೊತ್ತು ಕೂತವರು ಇನ್ನೂ ಕಾಯಬೇಕಿತ್ತು. ಅವರದ್ದೇನು ತಪ್ಪು? ಹೋಗಲಿ ಬಿಡಿ. ಬಿಡಿ ಅಂತ ಹೇಗೆ ಹೇಳಲಿ!

ಮಗುವಿಗೆ ಎಲ್ಲ ದಿನ ಬರೆದಿಟ್ಟಿದ್ದಾರೆ. ಒಂದೂವರೆ ತಿಂಗಳಿಗೆ ಚುಚ್ಚುಮದ್ದು, ಎರಡೂವರೆಗೆ, ಮೂರೂವರೆಗೆ. ತಪ್ಪಿದರೆ ಮನೆಗೆ ಬಂದು ಕೇಳುತ್ತಾರೆ. ಆಶಾ ಅಕ್ಕ 3, 7, 14, 21, 28, 42ನೇ ದಿನ ಬರಬೇಕು ಅಂತ ನಿಯಮ. ನಮ್ಮ ಅಕ್ಕ ಮಳೆಯಲ್ಲೂ ಕೊಡೆ ಹಿಡಿದು ಬಂದರು. ಮಗುವನ್ನು ಬಟ್ಟೆಯ ತೊಟ್ಟಿಲಿನಂಥ ತಕ್ಕಡಿಯಲ್ಲಿ ತೂಗಿ ತೂಕ ಬರೆದುಕೊಂಡರು, ಕಂಕುಳಿಗೆ ಥರ್ಮಾಮೀಟರ್ ಇಟ್ಟು ಜ್ವರ ನೋಡಿದರು. ನನ್ನನ್ನೂ ಕೇಳಿದರು, ರಕ್ತ ಜಾಸ್ತಿ ಹೋಗುತ್ತಿದೆಯಾ, ಜ್ವರ ಇದೆಯಾ, ವಾಸನೆ ಇದೆಯಾ ಅಂತ. ನಾನು ಇದನ್ನು ಹೇಳಿದಾಗ ಅವರ ಮುಖ ಸಣ್ಣದಾಯಿತು. "ಡಾಕ್ಟರಿಗೆ ತೋರಿಸಬೇಕು ಇದು" ಅಂದರು. ಅವರ ಕೈಯಲ್ಲಿ ಅದಕ್ಕಿಂತ ಹೆಚ್ಚು ಏನಿದೆ? ಆರನೇ ವಾರದಲ್ಲಿ ತಾಯಿಯನ್ನು ನೋಡಲೇಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ನನ್ನ ಕಾರ್ಡ್ ತೆರೆದು ನೋಡಿದೆ. ಬಸುರಿಯಾಗಿದ್ದಾಗಿನ ಪುಟ ಶಾಯಿಯಿಂದ ತುಂಬಿದೆ, ಸಹಿ, ಸೀಲು ಎಲ್ಲ. ಹೆರಿಗೆಯ ನಂತರದ ಜಾಗದಲ್ಲಿ ಡಿಸ್ಚಾರ್ಜ್ ದಿನದ ಬಿಪಿ ಬಿಟ್ಟರೆ ನನ್ನದು ಅಂತ ಒಂದಕ್ಷರ ಇಲ್ಲ.

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರಲ್ಲ, ಆಗ ಟೀವಿ ತುಂಬ ಬಾಣಂತಿ, ಬಾಣಂತಿ. ಬದುಕಿ ಉಳಿದು, ಕೆಮ್ಮಲು, ಸೀನಲು, ನಗಲು ಹೆದರುವ ಬಾಣಂತಿಯರ ಸುದ್ದಿ ಯಾರಿಗೂ ಬೇಡ. ಹಾಲು ಬರಬೇಕು, ನೀರು ಕುಡಿ ಅನ್ನುತ್ತಾರೆ. ನೀರು ಕುಡಿದರೆ ಸೋರುತ್ತದೆ. ರಾತ್ರಿ ಮಗು ಅತ್ತಾಗ ಗಡಬಡಿಸಿ ಎದ್ದರೆ ಮೊದಲು ನನ್ನ ಸೀರೆ ಒದ್ದೆ, ಆಮೇಲೆ ಮಗುವಿನದ್ದು.

ಇವತ್ತು ಬಂದು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಆಯಿ ಬಾಣಂತಿ ಲೇಹ ಕಲಸುತ್ತಿದ್ದಳು. ಕೈ ತೊಳೆದುಕೊಂಡು ಬಂದು ನನ್ನ ಪಕ್ಕ ಕೂತು, ಸ್ವಲ್ಪ ಹೊತ್ತು ಸುಮ್ಮನಿದ್ದು, ಹೇಳಿದಳು: ತಮ್ಮ ಹುಟ್ಟಿದಾಗಿನಿಂದ ಅವಳಿಗೂ ಇದೇ ತೊಂದರೆ. ಯಾರಿಗೂ ಹೇಳಿಲ್ಲ, ಅಪ್ಪನಿಗೂ. ಮದುವೆ ಮನೆಗೆ ಹೊರಟ ದಿನ ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ. ದೂರದ ಬಸ್ಸು ಅಂದರೆ ತಲೆ ತಿರುಗುತ್ತದೆ ಅಂತ ನೆಪ ಹೇಳುತ್ತಾಳೆ. ಸಿರ್ಸಿ ಜಾತ್ರೆಗೆ ಬರದೇ ಇದ್ದದ್ದೂ ಅದಕ್ಕೇ. ನಾವು ಮಕ್ಕಳು ಅದನ್ನು ಆಯಿಯ ಹಟ ಅಂದುಕೊಂಡು ಅವಳ ಮೇಲೆ ಮುನಿಸಿಕೊಂಡಿದ್ದೆವು.

ಅದನ್ನು ಕೇಳಿದ ಮೇಲೆ ನನ್ನ ನಾಚಿಕೆಯೆಲ್ಲ ಹೋಯಿತು. ಅದಕ್ಕೇ ಎಲ್ಲ ಬಿಚ್ಚಿ ಬರೆದಿದ್ದೇನೆ, ಓದುವವರು ಓದಲಿ, ಹಾಲಿನವರ ಮನೆಯವರೂ ಓದಲಿ.

ಈಗ ಯಾರಾದರೂ ಉತ್ತರ ಕೊಡಿ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಇದ್ದರೆ ಕೊಡಿ, ಆರೋಗ್ಯ ಇಲಾಖೆಯವರು ಇದ್ದರೆ ಕೊಡಿ, ಓಟು ಕೇಳಲು ಬರುವವರು ಇದ್ದರೂ ಕೊಡಿ. ಬಸುರಿಯರಿಗೆ ಒಂಬತ್ತನೇ ತಾರೀಕು, ಮಗುವಿಗೆ ಗುರುವಾರ, ನನಗೆ ಯಾವ ವಾರ? ಕಿಂಡಿಯ ಮುಂದೆ ಕೂಗಿ ಹೇಳುವ ಬದಲು ಒಂದು ಚೀಟಿಯಲ್ಲಿ ಬರೆದು ಕೊಡಬಾರದಾ? ಹೆಂಗಸರ ತೊಂದರೆ ಕೇಳಲು ಒಬ್ಬ ಸಿಸ್ಟರನ್ನು ಒಂದು ಮೂಲೆಯಲ್ಲಿ ಕೂರಿಸಿದರೆ ಎಷ್ಟು ಖರ್ಚಾಗುತ್ತದೆ?

ಕಾರವಾರ, ಅಂಕೋಲಾ, ಕುಮಟಾ ಕಡೆ ಹೆರಿಗೆಯ ನಂತರದ ಈ ತೊಂದರೆಯನ್ನು ಕೂತು ಕೇಳಿ ನೋಡುವ ಲೇಡಿ ಡಾಕ್ಟರ್ ಯಾವ ದಿನ, ಎಷ್ಟು ಹೊತ್ತಿಗೆ ಸಿಗುತ್ತಾರೆ ಅಂತ ಗೊತ್ತಿದ್ದವರು ಹೇಳಿ. ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿಯವರು ಗೊತ್ತಿದ್ದರೆ ಅದನ್ನೂ ಹೇಳಿ. ನಂಬರ್ ಎರಡು ಬೇಕು, ನನಗೊಂದು, ಆಯಿಗೊಂದು. ಬರುವುದಿಲ್ಲ ಅನ್ನುತ್ತಿದ್ದಾಳೆ. ನಾನು ಬಿಡುವುದಿಲ್ಲ.