ಮೂರು ರೆಕ್ಕೆ, ಒಂದು ದಿಂಬಿನ ಕವರು

ಫ್ಯಾನಿನ ಮೇಲೆ ಎಷ್ಟು ಧೂಳು ಕೂತಿದೆ ಅನ್ನೋದು ಮನೆಯವರ ಕಣ್ಣಿಗೆ ಬೀಳುವುದಿಲ್ಲ. ಉಂಡು ಚಾಪೆಯ ಮೇಲೆ ಅಂಗಾತ ಮಲಗಿದ ನೆಂಟರಿಗೆ ಬೀಳುತ್ತದೆ. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ಈ ತಪಾಸಣೆ ತಪ್ಪಿದ್ದಲ್ಲ. ಸರಿಯಾಗಿ ಅದೇ ಹೊತ್ತಿಗೆ ಕರೆಂಟ್ ಹೋಗುತ್ತದೆ, ಫ್ಯಾನ್ ನಿಧಾನಕ್ಕೆ ನಿಲ್ಲುತ್ತದೆ, ರೆಕ್ಕೆಯ ಅಂಚಿನಲ್ಲಿ ಹುರಿಮೀಸೆಯಂಥ ಕರಿ ಪಟ್ಟಿ ದರ್ಶನ ಕೊಡುತ್ತದೆ. "ಫ್ಯಾನು ಚಲೋ ಐತ್ರಿ, ಎಷ್ಟು ವರ್ಷದ್ದು?" ಎಂದು ನೆಂಟರು ಕೇಳಿದರೆ, ಅದು ಫ್ಯಾನಿನ ವಯಸ್ಸಿನ ಪ್ರಶ್ನೆಯಲ್ಲ.

ಸದಾ ತಿರುಗುವ ವಸ್ತುವಿಗೆ ಧೂಳು ಅಂಟುವುದಾದರೂ ಹೇಗೆ? 1200 ಮಿಲಿಮೀಟರಿನ ಫ್ಯಾನು ನಿಮಿಷಕ್ಕೆ 350 ಸುತ್ತು ಹೊಡೆದರೆ ರೆಕ್ಕೆಯ ತುದಿ ಗಂಟೆಗೆ ಸುಮಾರು 79 ಕಿಲೋಮೀಟರ್ ಓಡುತ್ತಿರುತ್ತದೆ. ಹೈವೇ ವೇಗ. ಆದರೆ ರೆಕ್ಕೆಯ ಮೈಗೆ ತಾಗಿದ ತೆಳು ಗಾಳಿಪದರ ರೆಕ್ಕೆಯ ಜೊತೆಗೇ ಸಾಗುವುದರಿಂದ, ಅದರೊಳಗೆ ಸೇರಿಕೊಂಡ ಸಣ್ಣ ಧೂಳು ಹಾರಿಹೋಗುವುದಿಲ್ಲ. ಗಾಳಿಯನ್ನು ಸೀಳುವ ಮುಂದಿನ ಅಂಚಿಗೆ ಏಟು ಹೆಚ್ಚು, ಹಾಗಾಗಿ ಪಟ್ಟಿ ಅಲ್ಲೇ ದಪ್ಪ. ನಮ್ಮ ಕಡೆಯ ಧೂಳಿಗೆ ಊರಿನ ಕೊಡುಗೆಯೂ ಉಂಟು: ಆಷಾಢದ ಗಾಳಿ ತಂದ ಮಣ್ಣು, ಸುಗ್ಗಿಯಲ್ಲಿ ಮೆಕ್ಕೆಜೋಳದ ಹೊಟ್ಟು, ಸಂಜೆ ಮಂಡಕ್ಕಿ ಜೊತೆಗೆ ಕರಿದ ಮಿರ್ಚಿಯ ಎಣ್ಣೆ ಹೊಗೆ. ಮೊದಲೆರಡು ಬರೀ ಹಿಟ್ಟು, ಮೂರನೆಯದು ಸೇರಿದರೆ ಹೂರಣ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳಿಗೂ ಮೂರೇ ರೆಕ್ಕೆ. ಅಂಥವುಗಳ ಮುಂದಿನ ಅಂಚಿಗೂ ಹುಳ, ಧೂಳು ಮೆತ್ತಿ ವಿದ್ಯುತ್ ಉತ್ಪಾದನೆ ಇಳಿಯುತ್ತದೆ. ಫ್ಯಾನಿನ ರೆಕ್ಕೆಯ ಧೂಳನ್ನು ಹಳೇ ದಿಂಬಿನ ಕವರು ತೊಡಿಸಿ ತೆಗೆಯಬಹುದು, ಅವುಗಳ ಅಳತೆಯ ಕವರು ಸಿಗುವುದಿಲ್ಲ, ಅಷ್ಟೇ ವ್ಯತ್ಯಾಸ.

ಫ್ಯಾನ್ ಒರೆಸುವಾಗ ಎಲ್ಲರೂ ಮಾಡುವ ತಪ್ಪು ಒಂದೇ: ಒದ್ದೆ ಬಟ್ಟೆ ಹಿಡಿದು ಏರುವುದು. ಒಣ ಧೂಳಿಗೆ ನೀರು ತಾಗಿದ ಕೂಡಲೇ ಅದು ಕೆಸರು. ಕೆಸರು ರೆಕ್ಕೆಯಿಂದ ಬಟ್ಟೆಗೆ ಹತ್ತುತ್ತದೆ, ಬಟ್ಟೆಯಿಂದ ಮೊಣಕೈಗೆ ಇಳಿಯುತ್ತದೆ, ಮೊಣಕೈಯಿಂದ ನೇರ ಹಾಸಿಗೆಗೆ. ಜೊತೆಗೆ ಒಂದೇ ಒಂದು ಬೂದು ಹನಿ ಹೋದ ದೀಪಾವಳಿಗೆ ಬಳಿಸಿದ ಡಿಸ್ಟೆಂಪರ್ ಮೇಲೆ ಬಿದ್ದು, ಒರೆಸಿದಷ್ಟೂ ಅಗಲವಾಗುತ್ತದೆ.

ಇನ್ನು ಸ್ವಿಚ್. ರೆಗ್ಯುಲೇಟರ್ ಸೊನ್ನೆಗೆ ತಿರುಗಿಸಿದರೆ ಸಾಲದು, ಸ್ವಿಚ್ ಆರಿಸಿ, ಎಂಸಿಬಿಯನ್ನೂ (ಇಡೀ ಲೈನಿನ ಕರೆಂಟ್ ಕಡಿಯುವ ಸ್ವಿಚ್) ಇಳಿಸಿ. ಯಾಕೆಂದರೆ "ಏನ್ ಸೆಕೆ ಮಾರಾಯಾ" ಅನ್ನುತ್ತ ಒಳಗೆ ಬರುವವರ ಕೈ ತಲೆಯ ಅಪ್ಪಣೆ ಕೇಳದೆ ಸ್ವಿಚ್ಚಿಗೆ ಹೋಗುತ್ತದೆ. ಏಣಿಯ ಮೇಲೆ ಮನುಷ್ಯ ಇದ್ದಾನೆ ಅನ್ನೋದು ಆಮೇಲೆ ಕಾಣುತ್ತದೆ. ಸ್ವಿಚ್ ಮೇಲೊಂದು ಟೇಪ್ ಅಂಟಿಸಿ.

10 ಅಡಿ ಎತ್ತರದ ಸೂರಾದರೆ ರೆಕ್ಕೆ ಸುಮಾರು 9 ಅಡಿಯಲ್ಲಿರುತ್ತದೆ. ಹೆಚ್ಚು ಧೂಳಿರುವುದು ರೆಕ್ಕೆಯ ಮೇಲ್ಬದಿಯಲ್ಲಿ, ಆದ್ದರಿಂದ ಕಣ್ಣು ಅದಕ್ಕಿಂತ ಸ್ವಲ್ಪ ಮೇಲಿರಬೇಕು. ಗಟ್ಟಿ ಏಣಿಯೇ ಬೇಕು. ಮಂಚದ ಮೇಲೆ ಪ್ಲಾಸ್ಟಿಕ್ ಸ್ಟೂಲ್, ಸ್ಟೂಲ್ ಹಿಡಿಯಲು ಫೋನ್ ನೋಡುವ ಮಗ — ಈ ಏರ್ಪಾಡಿನ ಮೇಲೆ ಟೀಕೆ ಅನಗತ್ಯ.

ಹಳೇ ದಿಂಬಿನ ಕವರನ್ನು ಕಾಲುಚೀಲದಂತೆ ರೆಕ್ಕೆಗೆ ಪೂರ್ತಿ ತೊಡಿಸಿ. 48 ಇಂಚಿನ ಫ್ಯಾನಿನ ಒಂದೊಂದು ರೆಕ್ಕೆ ಒಂದೂವರೆ ಅಡಿಯ ಮೇಲಿರುತ್ತದೆ, ಮಾಮೂಲಿ ಕವರು ಅದನ್ನು ನುಂಗುತ್ತದೆ. ಬುಡದ ಹತ್ತಿರ ಒಂದು ಅಂಗೈ ಮೇಲೆ, ಒಂದು ಕೆಳಗೆ ಇಟ್ಟು, ರೊಟ್ಟಿ ತಟ್ಟುವಷ್ಟೇ ಒತ್ತಡದಲ್ಲಿ ತುದಿಯ ಕಡೆ ಎಳೆಯುತ್ತ ಬನ್ನಿ. ಧೂಳು ಜಮಖಾನದ ಎಳೆಯಂತೆ ಸುರುಳಿ ಸುತ್ತಿಕೊಂಡು ಕವರಿನ ಮೂಲೆಗೆ ಇಳಿಯುತ್ತದೆ. ಈ ನೋಟಕ್ಕೊಂದು ಸಮಾಧಾನವಿದೆ, ಒಪ್ಪಿಕೊಳ್ಳಬೇಕು. ಒಂದು ಕೈ ಆಧಾರ ಕೊಡದೆ ಮೇಲಿಂದ ಅದುಮಿದರೆ ರೆಕ್ಕೆಯ ಹಿಡಿ ಬಾಗುತ್ತದೆ. ಅಂದಿನಿಂದ ಫ್ಯಾನು ತಲೆದೂಗುತ್ತದೆ.

ಒಣ ಧೂಳು ಹೋದ ಮೇಲೆ ಉಳಿಯುವುದು ಜಿಡ್ಡು. ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಚಮಚ. ಬಟ್ಟೆಯನ್ನು ಹನಿ ಬೀಳದ ಹಾಗೆ ಹಿಂಡಿ, ಅಂಚಿಗೆ ಎರಡು ನಿಮಿಷ ಒತ್ತಿ ಹಿಡಿದು ಒರೆಸಿ. ಆಮೇಲೆ ಬರೀ ನೀರಿನ ಬಟ್ಟೆ, ಕೊನೆಗೆ ಒಣ ಬಟ್ಟೆ. ಸೋಪು ಉಳಿದರೆ ಅದೂ ಅಂಟೇ. ವಾಷಿಂಗ್ ಸೋಡಾ ಬೇಡ, ಅಲ್ಯೂಮಿನಿಯಂ ಕಪ್ಪಾಗುತ್ತದೆ. ಸ್ಟೀಲ್ ನಾರು ಬಣ್ಣ ಕೆರೆಯುತ್ತದೆ, ಆ ಗೀರಿನಲ್ಲೇ ಮುಂದಿನ ಧೂಳು ಮನೆ ಮಾಡುತ್ತದೆ. ಹೊಳಪಿಗೆಂದು ಕೊಬ್ಬರಿ ಎಣ್ಣೆ ಸವರುವವರೂ ಇದ್ದಾರೆ. ಅವರು ಧೂಳಿಗೆ ಎಲೆ ಹಾಕಿ ಬಡಿಸುತ್ತಿದ್ದಾರೆ. ಮೋಟಾರಿನ ತೂತುಗಳಿಗೆ ಒಣ ಬ್ರಷ್ ಮಾತ್ರ. ಮೇಲಿನ ಬಟ್ಟಲಿನೊಳಗೆ ವೈರಿನ ಗಂಟುಗಳಿರುತ್ತವೆ, ಅಲ್ಲಿಗೆ ನೀರು ಹೋಗಲೇಬಾರದು.

ಅರ್ಧ ಗಂಟೆ ಬಿಟ್ಟು ಒಂದನೇ ನಂಬರಿನಲ್ಲಿ ಓಡಿಸಿ ನೋಡಿ. ಟಕ್ ಟಕ್ ಅಂದರೆ ರೆಕ್ಕೆಯ ಸ್ಕ್ರೂ ಸಡಿಲ. ಮೊದಲಿಲ್ಲದ ತೂಗಾಟ ಕಂಡರೆ ಮತ್ತೆ ಸ್ವಿಚ್, ಎಂಸಿಬಿ ಆರಿಸಿ, ಸೂರಿನಿಂದ ಮೂರೂ ರೆಕ್ಕೆಗಳ ತುದಿಗೆ ಸ್ಕೇಲ್ ಹಿಡಿಯಿರಿ. ಒಂದೇ ಜಾಗದಲ್ಲಿ ನಿಂತು, ರೆಕ್ಕೆಗಳನ್ನು ಒಂದೊಂದಾಗಿ ಅಲ್ಲಿಗೇ ತಿರುಗಿಸಿ ಅಳೆಯಬೇಕು. ಕಾಲು ಇಂಚು ಹೆಚ್ಚುಕಡಿಮೆ ಬಂದರೆ ಬಾಗಿದವನು ಸಿಕ್ಕಿಬಿದ್ದ. ಎರಡು ಫ್ಯಾನುಗಳ ರೆಕ್ಕೆ ಒಟ್ಟಿಗೆ ಬಿಚ್ಚಿ ತೊಳೆದು ಅದಲು ಬದಲು ಕೂಡಿಸಿದರೂ ಇದೇ ಗತಿ. ಮೂರು ರೆಕ್ಕೆ ತೂಕ ಹೊಂದಿಸಿದ ಒಂದು ಸೆಟ್. ಗುಂಯ್ ಎನ್ನುತ್ತ ನಿಧಾನ ತಿರುಗಿದರೆ ಬೈಗಳ ತಿನ್ನಬೇಕಾದವರು ಒರೆಸಿದವರಲ್ಲ, ಬಹುಮಟ್ಟಿಗೆ ಸತ್ತ ಕೆಪಾಸಿಟರ್, ಅಂದರೆ ಮೋಟಾರ್ ತಿರುಗಲು ನೆರವಾಗುವ ಪುಟ್ಟ ಭಾಗ. ಎಲೆಕ್ಟ್ರಿಷಿಯನ್ನಿಗೆ ಹೇಳಿ ಅದೇ ಅಳತೆಯದನ್ನು, ಹೆಚ್ಚಿನ ಫ್ಯಾನುಗಳಿಗೆ 2.5 ಮೈಕ್ರೋಫ್ಯಾರಡ್ ಇರುತ್ತದೆ, ಹಾಕಿಸಿದರೆ ಆಯಿತು.

ಉಳಿದದ್ದು ಆ ಕವರು. ಅದನ್ನು ಮಹಡಿಗೆ ಒಯ್ದು ಕೊಡವುವ ಆಸೆ ಸಹಜ. ಬೇಸಿಗೆಯಲ್ಲಿ ಪಕ್ಕದ ಮಹಡಿಯ ಮೇಲೆ ಹಳೇ ಪಂಚೆ ಹಾಸಿ ಸಂಡಿಗೆ ಇಟ್ಟಿರುತ್ತಾರೆ, ಗಾಳಿ ಯಾವಾಗಲೂ ಆ ದಿಕ್ಕಿಗೇ. ಬಾಯಿ ಗಂಟು ಹಾಕಿ ಕೆಳಗೆ ತಂದು, ಬಕೆಟ್ ನೀರಿನೊಳಗೇ ಒಳಮೈ ಹೊರಗೆ ಮಾಡಿ. ನೀರಿನ ಬಣ್ಣ ನೋಡಿದವರು ಆ ಕವರನ್ನು ಮತ್ತೆ ದಿಂಬಿಗೆ ಹಾಕಲು ಬಿಡುವುದಿಲ್ಲ, ಹಾಗಾಗಿ ಮುಂದಿನ ಸಲಕ್ಕೂ ಅದೇ.