ಅಲ್ಕರಾಜ್ ಪ್ರಶಸ್ತಿ: ನನ್ನ ತಪ್ಪಿಗೆ ಒಂದು ಸ್ಪಷ್ಟನೆ

'2022ರಲ್ಲಿ ಸ್ಪೇನಿನ ಟೆನಿಸ್ ಆಟಗಾರ ಕಾರ್ಲೋಸ್ ಅಲ್ಕರಾಜ್‌ಗೆ ಎಟಿಪಿಯ (ಪುರುಷರ ವೃತ್ತಿಪರ ಟೆನಿಸ್ ಸಂಸ್ಥೆ) ವರ್ಷದ ಹೊಸಮುಖ ಪ್ರಶಸ್ತಿ. ಆರಿಸಿದ್ದು ಅಭಿಮಾನಿಗಳ ಮತ' ಎಂಬ ಸಂದೇಶ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಅದನ್ನು ಮೊದಲು ಬರೆದವನು ನಾನೇ. ಎರಡೂ ಮಾತು ತಪ್ಪು.

ಹೊಸಮುಖ ಪ್ರಶಸ್ತಿ ಅಲ್ಕರಾಜ್‌ಗೆ ಸಿಕ್ಕಿದ್ದು 2020ರಲ್ಲಿ. 2022ರಲ್ಲಿ ಅದು ಡೆನ್ಮಾರ್ಕಿನ ಹೋಲ್ಗರ್ ರೂನ್ ಪಾಲಾಯಿತು; ಅಲ್ಕರಾಜ್‌ಗೆ ಬಂದದ್ದು ಅತ್ಯಂತ ಸುಧಾರಿತ ಆಟಗಾರ ಪ್ರಶಸ್ತಿ. ಆ ವರ್ಷ 32ನೇ ರ‍್ಯಾಂಕಿನಿಂದ ಹೊರಟ ಹುಡುಗ ಅಮೆರಿಕ ಓಪನ್ ಗೆದ್ದು, 19ನೇ ವಯಸ್ಸಿಗೇ ವರ್ಷಾಂತ್ಯದ ಅಗ್ರಪಟ್ಟದಲ್ಲಿ ಕುಳಿತಿದ್ದ. 'ಸುಧಾರಿತ' ಎಂಬ ಪದವೇ ಇಲ್ಲಿ ಸಪ್ಪೆ ಎನಿಸುತ್ತದೆ!

ಸುಧಾರಿತ ಆಟಗಾರ ಪ್ರಶಸ್ತಿಗೆ ಮತ ಹಾಕುವವರು ಸಹ ಆಟಗಾರರು. ಅಭಿಮಾನಿಗಳ ಮತ ನಡೆಯುವುದು 'ಅಭಿಮಾನಿಗಳ ಮೆಚ್ಚಿನ ಆಟಗಾರ' ಪ್ರಶಸ್ತಿಗೆ. 2023ರಲ್ಲಿ ಯಾನಿಕ್ ಸಿನ್ನರ್ ಎರಡನ್ನೂ ಗೆದ್ದಿದ್ದರಿಂದ ನನ್ನ ತಲೆಯಲ್ಲಿ ಅವು ಬೆರೆತುಹೋಗಿದ್ದವು. ಎಟಿಪಿಯ ವಿಜೇತರ ಪಟ್ಟಿಯನ್ನು ತೆರೆದು ನೋಡಿದಾಗಲೇ ಎಡವಟ್ಟು ತಿಳಿದದ್ದು.

ಇನ್ನೊಂದು: ಸುಧಾರಿತ ಆಟಗಾರ ಪ್ರಶಸ್ತಿ ಒಬ್ಬರಿಗೆ ಒಮ್ಮೆ ಮಾತ್ರ ಎಂದೇನಿಲ್ಲ. ಜೊಕೊವಿಚ್ 2006 ಮತ್ತು 2007ರಲ್ಲಿ ಸತತವಾಗಿ ಪಡೆದಿದ್ದಾರೆ.

ಹಳೆಯ ಸಂದೇಶವನ್ನು ದಯವಿಟ್ಟು ಮುಂದೆ ಕಳುಹಿಸಬೇಡಿ, ಕಳುಹಿಸಿದ್ದರೆ ಅಳಿಸಿಬಿಡಿ.